ಅತಿಥಿ ಎದ್ದು ಹೋದ ಮೇಲೆ ಮನೆ ನಿಲ್ಲುತ್ತಾ?

ಇವತ್ತಿನ ಸಂಚಿಕೆ ಹರಳುಗಳ ಬಗ್ಗೆ. ಹರಳು ಅಂದ ಕೂಡಲೇ ಉಂಗುರದ ಹರಳು ನೆನಪಾಗೋದು ಸಹಜ. ಆದರೆ ಅಡುಗೆಮನೆಯ ಉಪ್ಪು, ಕಲ್ಲುಸಕ್ಕರೆ, ಫ್ರೀಜರಿನ ಐಸು, ಮೊಬೈಲಿನ ಚಿಪ್ಪಿನಲ್ಲಿರೋ ಸಿಲಿಕಾನ್, ನೀವು ನುಂಗುವ ಬಹಳಷ್ಟು ಮಾತ್ರೆಗಳ ಒಳಗಿನ ಔಷಧ, ಎಲ್ಲವೂ ಹರಳುಗಳೇ. ಅಣುಗಳು ಒಂದೇ ವಿನ್ಯಾಸದಲ್ಲಿ ಸಾಲುಸಾಲಾಗಿ, ಮತ್ತೆ ಮತ್ತೆ ಜೋಡಿಸಿಕೊಂಡಿದ್ದರೆ ಅದು ಹರಳು, ಅಷ್ಟೇ.

ಈಗ ಕೆಲವು ಹರಳುಗಳಲ್ಲಿ ಒಂದು ವಿಶೇಷ ಇದೆ. ಒಂದು ಜಾತಿಯ ಅಣುಗಳು ಸೇರಿ ಗೂಡು ಕಟ್ಟುತ್ತವೆ, ಆ ಗೂಡಿನೊಳಗೆ ಇನ್ನೊಂದು ಜಾತಿಯ ಅಣು ಬಂದು ಕೂರುತ್ತೆ. ರಸಾಯನಶಾಸ್ತ್ರದವರು ಗೂಡು ಕಟ್ಟಿದವರನ್ನ ಆತಿಥೇಯ ಅಂತಾರೆ, ಒಳಗೆ ಕೂತವರನ್ನ ಅತಿಥಿ ಅಂತಾರೆ. ನಮ್ಮ ಇವತ್ತಿನ ಪ್ರಶ್ನೆ ಇಷ್ಟೇ: ಆ ಅತಿಥಿಯನ್ನ ಹೊರಗೆ ಕಳಿಸಿಬಿಟ್ಟರೆ ಮನೆ ಹಾಗೇ ನಿಲ್ಲುತ್ತಾ, ಕುಸಿಯುತ್ತಾ, ಅಥವಾ ಬೇರೆಯದೇ ಮನೆಯಾಗಿಬಿಡುತ್ತಾ? ಈ ಪ್ರಶ್ನೆಗೆ 2014ರ ಕೊನೆಯಲ್ಲಿ, ಸುಮಾರು ಒಂದು ತಿಂಗಳ ಅಂತರದಲ್ಲಿ, ಎರಡು ಸೊಗಸಾದ ಉತ್ತರ ಸಿಕ್ಕವು. ಒಂದು ವಾಷಿಂಗ್ಟನ್ ಡಿಸಿಯಿಂದ, ಇನ್ನೊಂದು ಯುರೋಪಿನಿಂದ. ಅಲ್ಲಿಗೆ ಹೋಗೋ ಮೊದಲು ಮಲೆನಾಡಿಗೆ ಒಂದು ಸುತ್ತು ಹೋಗಿಬರೋಣ.

ಅಡಿಕೆ ತೋಟ ಇರುವವರಿಗೆ ಮೈಲುತುತ್ತ ಗೊತ್ತೇ ಇರುತ್ತೆ. ಕೊಳೆರೋಗಕ್ಕೆ ಮಳೆಗಾಲದಲ್ಲಿ ಬೋರ್ಡೋ ದ್ರಾವಣ ಹೊಡೀತಾರಲ್ಲ, ಅದರಲ್ಲಿ ಸುಣ್ಣದ ಜೊತೆ ಹಾಕುವ ನೀಲಿ ಹರಳು, ತಾಮ್ರದ ಸಲ್ಫೇಟು. ಅದರ ತೂಕದಲ್ಲಿ ನೂರಕ್ಕೆ 36 ಪಾಲು ಬರೀ ನೀರು ಅಂದರೆ ನಂಬ್ತೀರಾ? ಕೈಗೆ ಒಣ ಕಲ್ಲಿನ ಹಾಗೆ ಸಿಗುತ್ತೆ, ಆದರೆ ಪ್ರತಿ ತಾಮ್ರಕ್ಕೆ 5 ನೀರಿನ ಅಣು ಒಳಗಿವೆ. ಬಿಸಿ ಮಾಡುತ್ತಾ ಹೋದರೆ ನೀರು ಕಂತಿನಲ್ಲಿ ಹೊರಡುತ್ತೆ, ಕೊನೆಯ ಅಣು ಹೊರಡಬೇಕಾದರೆ 200 ಡಿಗ್ರಿ ದಾಟಬೇಕು. ಅಷ್ಟೊತ್ತಿಗೆ ನೀಲಿ ಹೋಗಿ ಬೂದಿಬಿಳಿ ಪುಡಿ ಉಳಿದಿರುತ್ತೆ. (ದಯವಿಟ್ಟು ದೋಸೆ ಹಂಚಿನ ಮೇಲೆ ಪ್ರಯೋಗ ಮಾಡಬೇಡಿ. ಅದು ವಿಷ.) ಕ್ಷೌರದಂಗಡಿಯ ಪಟಿಕದ ಕಥೆಯೂ ಇದೇ. ಅದರಲ್ಲಿ ನೀರು ಇನ್ನೂ ಜಾಸ್ತಿ, ನೂರಕ್ಕೆ 45 ಪಾಲು. ಕಾಯಿಸಿದರೆ ಕರಗಿ, ಉಕ್ಕಿ, ಹಗುರವಾದ ಬಿಳಿ ನೊರೆಗಡ್ಡೆಯಾಗುತ್ತೆ.

ಇಲ್ಲಿ ಮನೆ ಬಿದ್ದೇ ಹೋಯಿತು. ಯಾಕೆ ಅಂದರೆ ಇಲ್ಲಿ ನೀರು ನಿಜವಾದ ಅರ್ಥದಲ್ಲಿ ಅತಿಥಿ ಅಲ್ಲ. ಮೈಲುತುತ್ತದಲ್ಲಿ ನಾಲ್ಕು ನೀರಿನ ಅಣುಗಳು ನೇರವಾಗಿ ತಾಮ್ರಕ್ಕೇ ಅಂಟಿಕೊಂಡಿವೆ, ಐದನೆಯದು ಸಲ್ಫೇಟುಗಳ ಮಧ್ಯೆ ಕೊಂಡಿ ಹಾಕಿ ಕೂತಿದೆ. ಅವು ಮನೆಯ ಕಂಬಗಳು. ಕಂಬ ಕಿತ್ತರೆ ಸೂರು ಉಳಿಯೋದಿಲ್ಲ. ಹಾಗಾಗಿ ಯಾವುದೇ ಹರಳಿನ ಬಗ್ಗೆ ನಾವು ಮೊದಲು ಕೇಳಬೇಕಾದ್ದು: ಒಳಗಿರುವವನು ಭಾರ ಹೊತ್ತಿದ್ದಾನಾ, ಸುಮ್ಮನೆ ಕೂತಿದ್ದಾನಾ?

ಸುಮ್ಮನೆ ಕೂತಿರುವ ಅತಿಥಿ ನೋಡಬೇಕು ಅಂದರೆ ಕೆರೊಲಿನಾಗಳ ಕರಾವಳಿಯಿಂದ ಅಟ್ಲಾಂಟಿಕ್ ಸಮುದ್ರದೊಳಕ್ಕೆ ಹೋಗಬೇಕು. ಶಾರ್ಲಟ್, ರಾಲಿ ಕಡೆಯ ಕೇಳುಗರು ಬೇಸಿಗೆಯಲ್ಲಿ ಬೀಚಿಗೆ ಹೋಗ್ತೀರಲ್ಲ, ಅದೇ ಸಮುದ್ರ. ದೂರದಲ್ಲಿ, ಸುಮಾರು 2,800 ಮೀಟರ್ ನೀರಿನ ಕೆಳಗೆ, ಬ್ಲೇಕ್ ರಿಡ್ಜ್ ಅಂತ ಒಂದು ದೊಡ್ಡ ಕೆಸರಿನ ದಿಬ್ಬ ಇದೆ. 1995ರ ಕೊನೆಯಲ್ಲಿ ಜಾಯ್ಡಿಸ್ ರೆಸಲ್ಯೂಷನ್ ಅನ್ನೋ ಹಡಗು ಅಲ್ಲಿ ಕೊರೆಯಿತು. ಆ ಯಾನದ ಇಬ್ಬರು ಮುಖ್ಯ ವಿಜ್ಞಾನಿಗಳಲ್ಲಿ ಒಬ್ಬರಾದ ಚಾರ್ಲ್ಸ್ ಪಾಲ್ ಆಗ ಚಾಪೆಲ್ ಹಿಲ್‌ನ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದಲ್ಲಿದ್ದರು, ಇನ್ನೊಬ್ಬರು ಜಪಾನಿನ ರ್ಯೋ ಮತ್ಸುಮೊಟೊ. ಸಮುದ್ರತಳದಿಂದ ಸುಮಾರು 200ರಿಂದ 450 ಮೀಟರ್ ಆಳದ ಕೆಸರಿನಲ್ಲಿ ಮೀಥೇನ್ ಹೈಡ್ರೇಟ್ ಇತ್ತು. ನೋಡೋಕೆ ಐಸ್. ಒಳಗೆ ಅಡುಗೆ ಗ್ಯಾಸಿನ ನೆಂಟ ಮೀಥೇನ್.

ಇದರ ರಚನೆ ಹೀಗಿದೆ: 46 ನೀರಿನ ಅಣುಗಳು ಕೈ ಕೈ ಹಿಡಿದು 8 ಗೂಡು ಕಟ್ಟುತ್ತವೆ. ಒಂದೊಂದು ಗೂಡಿನಲ್ಲಿ ಒಂದು ಮೀಥೇನ್. ನೀರಿಗೂ ಮೀಥೇನಿಗೂ ಮಧ್ಯೆ ರಾಸಾಯನಿಕ ಬಂಧ ಏನೂ ಇಲ್ಲ. ಇಂಥ ಪಂಜರದ ಹರಳುಗಳಿಗೆ ಆಕ್ಸ್‌ಫರ್ಡಿನ ಪೊವೆಲ್ ಅವರು 1948ರಲ್ಲಿ ಕ್ಲಾಥ್ರೇಟ್ ಅಂತ ಹೆಸರಿಟ್ಟರು. ಲ್ಯಾಟಿನ್ ಮೂಲದ ಪದ, ಕಂಬಿ ಹಾಕಿದ್ದು, ಜಾಲರಿ ಬಿಗಿದದ್ದು ಅನ್ನೋ ಅರ್ಥ.

ಬಂಧವೇ ಇಲ್ಲ ಅಂದ ಮೇಲೆ ಅತಿಥಿ ಹೋದರೆ ಮನೆಗೇನು ನಷ್ಟ ಅನ್ನಿಸಬಹುದು. ಆದರೆ ಬ್ಲೇಕ್ ರಿಡ್ಜಿನ ಹೈಡ್ರೇಟನ್ನ ಹಡಗಿನ ಮೇಲೆ ತಂದರೆ, ಒತ್ತಡ ಇಳಿದು, ಬಿಸಿ ತಾಗಿ, ಅದು ಚಟಪಟ ಅಂತ ಗ್ಯಾಸು ಬಿಡುತ್ತಾ ನೀರಾಗಿಬಿಡುತ್ತೆ. ಒಂದು ಲೀಟರ್ ಹೈಡ್ರೇಟಿನಿಂದ ಸುಮಾರು 164 ಲೀಟರ್ ಮೀಥೇನ್ ಬರುತ್ತೆ, ಮುಕ್ಕಾಲು ಲೀಟರಿನ ಮೇಲೆ ಚೂರು ನೀರು ಉಳಿಯುತ್ತೆ. ಗೂಡು ಮಾಯ. ಗೂಡಿನ ಗೋಡೆಗಳು ನಿಂತಿದ್ದೇ ಒಳಗೊಬ್ಬ ಇದ್ದಾನೆ ಅನ್ನೋ ಕಾರಣಕ್ಕೆ, ಬಲೂನಿನೊಳಗಿನ ಗಾಳಿಯ ಹಾಗೆ. ಖಾಲಿ ಗೂಡಾಗಿ ಉಳಿಯೋದಕ್ಕಿಂತ ನೀರಿಗೆ ಮಾಮೂಲಿ ಐಸಾಗಿಯೋ, ದ್ರವವಾಗಿಯೋ ಇರೋದು ಸಲೀಸು. ನಾರ್ತ್ ಕೆರೊಲಿನಾ ತೀರದಾಚೆ ಕೇಪ್ ಫಿಯರ್ ಅನ್ನೋ ಕಡೆ ಸಮುದ್ರದೊಳಗೆ ಹಿಂದೆಂದೋ ಆದ ಭಾರೀ ಭೂಕುಸಿತದ ಗುರುತು ಇದೆ. ಹೈಡ್ರೇಟ್ ಕರಗಿ ಕೆಸರಿನ ಹಿಡಿತ ಸಡಿಲವಾದದ್ದೂ ಅದಕ್ಕೆ ಒಂದು ಕಾರಣ ಇರಬಹುದು ಅಂತ ಭೂವಿಜ್ಞಾನಿಗಳು ವಾದಿಸಿದ್ದಾರೆ. ಕೆಳಗಿಂದ ಉಪ್ಪಿನ ಪದರ ಮೇಲೇಳುತ್ತಿರೋದೂ ಕಾರಣಗಳ ಪಟ್ಟಿಯಲ್ಲಿದೆ. ಅತಿಥಿ ಹೋದರೆ ಆಗುವ ಕುಸಿತ ಕೆಲವೊಮ್ಮೆ ಊರಿನಷ್ಟು ದೊಡ್ಡದಿರಬಹುದು ಅನ್ನೋದಕ್ಕೆ ಈ ಮಾತು.

1959ರಲ್ಲಿ ವಾನ್ ಡರ್ ವಾಲ್ಸ್ ಮತ್ತು ಪ್ಲಾಟೀವ್ ಅನ್ನೋ ಇಬ್ಬರು (ಪಠ್ಯಪುಸ್ತಕದ ಹಳೆಯ ವಾನ್ ಡರ್ ವಾಲ್ಸ್ ಅಲ್ಲ, ಬೇರೆಯವರು) ಈ ಹೈಡ್ರೇಟುಗಳ ಲೆಕ್ಕ ಹಾಕೋದಕ್ಕೆ ಒಂದು ಸಿದ್ಧಾಂತ ಕೊಟ್ಟರು. ಅದರ ಬುನಾದಿಯೇ ಒಂದು ಕಲ್ಪನೆ: ಅತಿಥಿಯೇ ಇಲ್ಲದ, ಪೂರ್ತಿ ಖಾಲಿಯಾದ ಗೂಡು. ಕಣ್ಣಾರೆ ಕಂಡವರಿಲ್ಲ, ಲೆಕ್ಕಕ್ಕೆ ಮಾತ್ರ ಬೇಕು. ಎಂಜಿನಿಯರುಗಳು ಅರ್ಧ ಶತಮಾನ ಆ ಕಾಲ್ಪನಿಕ ಗೂಡಿನ ಮೇಲೆ ಗ್ಯಾಸ್ ಪೈಪುಗಳ ಲೆಕ್ಕ ಮಾಡಿದರು.

ಆ ಗೂಡು 2014ರ ಡಿಸೆಂಬರಿನಲ್ಲಿ ನಿಜವಾಗಿ ಬಂತು. ಜರ್ಮನಿಯ ಗೋಟಿಂಗೆನ್‌ನ ಫಾಲೆಂಟಿ ಮತ್ತು ಕೂಸ್, ಫ್ರಾನ್ಸಿನ ಗ್ರೆನೋಬ್ಲ್‌ನ ಹ್ಯಾನ್ಸೆನ್ ಸೇರಿ ಮಾಡಿದ ಕೆಲಸ. ಅವರು ಮೀಥೇನ್ ಬಿಟ್ಟು ನಿಯಾನ್ ಹಿಡಿದರು. ನಿಯಾನ್ ಪುಟ್ಟ ಪರಮಾಣು, ಗೂಡಿನ ಗೋಡೆಯಲ್ಲಿರೋ ಆರು ಅಣುಗಳ ಉಂಗುರದ ಕಿಂಡಿಯಿಂದ ನುಸುಳಬಲ್ಲದು. ಸೊನ್ನೆಗಿಂತ ಸುಮಾರು 130 ಡಿಗ್ರಿ ಕೆಳಗಿನ ಚಳಿಯಲ್ಲಿ, ಹೈಡ್ರೇಟಿನ ಸಣ್ಣ ಸಣ್ಣ ಕಣಗಳಿಂದ ದಿನಗಟ್ಟಲೆ ಪಂಪ್ ಹಾಕಿ ನಿಯಾನನ್ನ ಎಳೆದರು. ಆ ಚಳಿಯಲ್ಲಿ ನೀರಿನ ಅಣುಗಳಿಗೆ ಎದ್ದು ಜಾಗ ಬದಲಾಯಿಸೋ ಶಕ್ತಿ ಇರೋದಿಲ್ಲ. ಕೂತಲ್ಲೇ ಕೂತವು. ಅತಿಥಿ ಹೋದ, ಗೂಡು ಉಳಿಯಿತು. ಅದಕ್ಕೆ ಐಸ್ ಹದಿನಾರು ಅಂತ ಹೆಸರು. ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 0.81 ಗ್ರಾಂ, ನಮ್ಮ ಮಾಮೂಲಿ ಐಸಿನದು 0.92. ಆವರೆಗೆ ಕಂಡ ಹರಳಿನ ಐಸುಗಳಲ್ಲೇ ಅತಿ ಹಗುರ. ನನಗೆ ತುಂಬ ಹಿಡಿಸಿದ ಸಂಗತಿ ಇನ್ನೊಂದು ಇದೆ: ತೀರಾ ಚಳಿಯಲ್ಲಿ ಖಾಲಿ ಗೂಡು ತುಂಬಿದ ಗೂಡಿಗಿಂತ ಚೂರು ದೊಡ್ಡದಾಗಿತ್ತು. ಅತಿಥಿ ಹೋದ ಮೇಲೆ ಮನೆ ಕುಗ್ಗಬೇಕಲ್ವಾ? ಹಾಗಾಗಲಿಲ್ಲ. ನಿಯಾನ್ ಒಳಗಿದ್ದಾಗ ಗೋಡೆಗಳನ್ನ ತನ್ನ ಕಡೆ ಸ್ವಲ್ಪ ಎಳೆದುಕೊಂಡಿತ್ತು ಅಂತ ಇದರಿಂದ ಅರ್ಥವಾಗುತ್ತೆ.

ಈಗ ವಾಷಿಂಗ್ಟನ್ನಿಗೆ. ಡಿಸಿಯ ಬ್ರಾಡ್ ಬ್ರಾಂಚ್ ರಸ್ತೆಯಲ್ಲಿ ಕಾರ್ನೆಗಿ ಸಂಸ್ಥೆಯ ಒಂದು ಕ್ಯಾಂಪಸ್ ಇದೆ. 1905ರಲ್ಲಿ ಶುರುವಾದ ಜಿಯೋಫಿಸಿಕಲ್ ಲ್ಯಾಬೊರೇಟರಿ ಅಲ್ಲಿತ್ತು, ಈಗ ಅದು ಅರ್ತ್ ಅಂಡ್ ಪ್ಲಾನೆಟ್ಸ್ ಲ್ಯಾಬೊರೇಟರಿಯ ಭಾಗ. ಭೂಮಿಯ ಆಳದ ಒತ್ತಡವನ್ನ ಮೇಜಿನ ಮೇಲೆ ಹುಟ್ಟಿಸೋದರಲ್ಲಿ ಅವರದು ದೊಡ್ಡ ಹೆಸರು. ಅಲ್ಲಿ ಟಿಮೊಥಿ ಸ್ಟ್ರೋಬೆಲ್ ಅವರ ತಂಡ ಸಿಲಿಕಾನ್ ಹಿಡಿದುಕೊಂಡು ಕೂತಿತ್ತು.

ಸಿಲಿಕಾನಿನ ಮೇಲೆ ಯಾಕೆ ಕಣ್ಣು? ನಮ್ಮ ಮನೆ ಮೇಲಿನ ಸೋಲಾರ್ ಫಲಕಗಳಲ್ಲಿ ಇರೋದು ವಜ್ರದ ವಿನ್ಯಾಸದ ಸಿಲಿಕಾನ್. ಚಿಪ್ಪಿಗೆ ಅದು ಚಿನ್ನದಂಥ ವಸ್ತು, ಆದರೆ ಬೆಳಕು ಹೀರೋದರಲ್ಲಿ ಸ್ವಲ್ಪ ಸೋಮಾರಿ. ಅದರ ಎಲೆಕ್ಟ್ರಾನು ಬೆಳಕು ನುಂಗಿ ಮೇಲಕ್ಕೆ ಜಿಗಿಯಬೇಕಾದರೆ ಹರಳಿನ ನಡುಕದ ಸಹಾಯವೂ ಬೇಕು, ಒಂಟಿಯಾಗಿ ಆಗೋದಿಲ್ಲ. ಅದಕ್ಕೇ ಸಿಲಿಕಾನ್ ಪದರ ದಪ್ಪ ಇಡಬೇಕಾಗುತ್ತೆ. ಅದೇ ಸಿಲಿಕಾನ್ ಪರಮಾಣುಗಳನ್ನ ಬೇರೆ ಥರ ಜೋಡಿಸಿದರೆ? ತೊಂದರೆ ಏನಪ್ಪಾ ಅಂದರೆ, ಬರೀ ಸಿಲಿಕಾನ್ ಕರಗಿಸಿ ಆರಿಸಿದರೆ ಅದು ಪ್ರತಿ ಸಲವೂ ವಜ್ರದ ವಿನ್ಯಾಸಕ್ಕೇ ಹೋಗಿ ಕೂರುತ್ತೆ.

ಮನೆ ಕಟ್ಟಿಸಿದವರಿಗೆ ಸೆಂಟ್ರಿಂಗ್ ಗೊತ್ತು. ಆರ್‌ಸಿಸಿ ಹಾಕುವಾಗ ಕೆಳಗೆ ಹಲಗೆ, ಕಂಬ ಕೊಟ್ಟು, ಕಾಂಕ್ರೀಟು ಸೆಟ್ ಆದ ಮೇಲೆ ಬಿಚ್ಚುತ್ತಾರೆ. ಸ್ಟ್ರೋಬೆಲ್ ತಂಡ ಮಾಡಿದ್ದು ಅದನ್ನೇ, ಸೋಡಿಯಂ ಪರಮಾಣುಗಳನ್ನ ಸೆಂಟ್ರಿಂಗ್ ಮಾಡಿಕೊಂಡು. ಸೋಡಿಯಂ ಮತ್ತು ಸಿಲಿಕಾನನ್ನ ಬೆರೆಸಿ ಸುಮಾರು 10 ಗಿಗಾಪಾಸ್ಕಲ್, ಅಂದರೆ ವಾತಾವರಣದ ಒತ್ತಡದ ಲಕ್ಷಪಟ್ಟು ಒತ್ತಡದಲ್ಲಿ ಇಟ್ಟು ಬಿಸಿ ಮಾಡಿದರು. ಭೂಮಿಯೊಳಗೆ ಸುಮಾರು 300 ಕಿಲೋಮೀಟರ್ ಇಳಿದರೆ ಸಿಗುವ ಒತ್ತಡ ಅದು. ಅಲ್ಲಿ 24 ಸಿಲಿಕಾನಿಗೆ 4 ಸೋಡಿಯಂ ಲೆಕ್ಕದಲ್ಲಿ ಹೊಸ ಹರಳು ಹುಟ್ಟಿತು. ಸಿಲಿಕಾನ್ ಪರಮಾಣುಗಳು ಸೋಡಿಯಮ್ಮಿನ ಸುತ್ತ ಚೌಕಟ್ಟು ಕಟ್ಟಿಕೊಂಡಿದ್ದವು. ಒತ್ತಡ ಇಳಿಸಿದರೂ ಹರಳು ಹಾಗೇ ಉಳಿಯಿತು.

ಸೆಂಟ್ರಿಂಗ್ ಬಿಚ್ಚೋದು ಹೇಗೆ? ಇಲ್ಲಿ ಎರಡನೆಯ ಪ್ರಶ್ನೆ ಬರುತ್ತೆ: ಮನೆಗೆ ಬಾಗಿಲು ಇದೆಯಾ? ಸಿಲಿಕಾನ್-ಸೋಡಿಯಂ ಪಂಜರಗಳು ಹೊಸದೇನಲ್ಲ. 1965ರಲ್ಲೇ ಫ್ರಾನ್ಸಿನ ಬೋರ್ಡೋ ಊರಿನ ರಸಾಯನಶಾಸ್ತ್ರಜ್ಞರು ಸಂಗಡಿಗರ ಜೊತೆ ಅವುಗಳನ್ನ ವರದಿ ಮಾಡಿದ್ದರು. ಹೌದು, ನಮ್ಮ ಅಡಿಕೆ ತೋಟದ ದ್ರಾವಣಕ್ಕೆ ಹೆಸರು ಕೊಟ್ಟ ಅದೇ ಬೋರ್ಡೋ! ಆದರೆ ಆ ಹಳೆಯ ವಿನ್ಯಾಸಗಳಲ್ಲಿ ಸೋಡಿಯಂ ಮುಚ್ಚಿದ ಗೂಡುಗಳಲ್ಲಿ ಕೂತಿತ್ತು. ವಾಷಿಂಗ್ಟನ್ನಿನ ಹರಳಿನಲ್ಲಿ ಉದ್ದಕ್ಕೂ ಸುರಂಗ ಇತ್ತು, ಎಂಟು ಸಿಲಿಕಾನ್ ಸೇರಿದ ಅಗಲ ಉಂಗುರಗಳ ಸುರಂಗ. ಹಾಗಾಗಿ ಭಯಂಕರ ಬಿಸಿ ಬೇಕಾಗಲಿಲ್ಲ. ನಿರ್ವಾತದಲ್ಲಿಟ್ಟು ಸುಮಾರು 125 ಡಿಗ್ರಿ ಸೆಲ್ಸಿಯಸ್ ಕಾವು ಕೊಟ್ಟು 8 ದಿನ ಕಾದರು. ಕೇಕ್ ಬೇಯಿಸೋ ಓವನ್ನಿನ ಬಿಸಿಗಿಂತ ಕಮ್ಮಿ. ಸೋಡಿಯಂ ಒಂದೊಂದೇ ಸುರಂಗ ಹಿಡಿದು ಹೊರಗೆ ಹೋಯಿತು. ಉಳಿದದ್ದು ಬರೀ ಸಿಲಿಕಾನ್, ಹಿಂದೆಂದೂ ಕಂಡಿರದ ರೂಪದಲ್ಲಿ. ಅದಕ್ಕೆ ಸಿಲಿಕಾನ್ 24 ಅಂತ ಹೆಸರಿಟ್ಟರು.

ಸೂರು ಯಾಕೆ ಬೀಳಲಿಲ್ಲ ಅಂದರೆ, ಸಿಲಿಕಾನ್-ಸಿಲಿಕಾನ್ ಬಂಧ ಗಟ್ಟಿಯಾದ ಕೋವೇಲೆಂಟ್ ಬಂಧ. ನೀರಿನ ಗೂಡುಗಳನ್ನ ಹಿಡಿದಿರೋ ಹೈಡ್ರೋಜನ್ ಬಂಧದ ಹಾಗೆ ಸಡಿಲ ಅಲ್ಲ. ನೀರಿನ ಗೂಡು ನಿಲ್ಲಬೇಕಾದರೆ 130 ಡಿಗ್ರಿ ಕೆಳಗಿನ ಚಳಿ ಬೇಕಾಯಿತು. ಸಿಲಿಕಾನಿಗೆ ನಮ್ಮ ಕೋಣೆಯ ಬಿಸಿಯೇ ಚಳಿಯಿದ್ದ ಹಾಗೆ. ಅದು ಅತಿ ಸುಖದ ಸ್ಥಿತಿ ಅಲ್ಲ, ವಜ್ರದ ವಿನ್ಯಾಸಕ್ಕೆ ಹೋದರೆ ಅದಕ್ಕೆ ಇನ್ನೂ ನೆಮ್ಮದಿ. ಆದರೆ ಹೋಗಬೇಕಾದರೆ ಬಂಧ ಮುರಿಯಬೇಕು, ಅಷ್ಟು ಶಕ್ತಿ ಕೈಲಿಲ್ಲ. ಬೆಳಕಿನ ವಿಷಯದಲ್ಲಿ ಇದು ಹಳೆಯ ಸಿಲಿಕಾನಿಗಿಂತ ಚುರುಕು. ಸುಮಾರು 1.3 ಎಲೆಕ್ಟ್ರಾನ್ ವೋಲ್ಟ್ ಅಂತರ, ಸೂರ್ಯನ ಬೆಳಕಿಗೆ ಹೇಳಿ ಮಾಡಿಸಿದ ಹಾಗೆ, ಜಿಗಿತವೂ ಹೆಚ್ಚುಕಮ್ಮಿ ನೇರ. ಆದರೆ ನಾಳೆಯೇ ಅಂಗಡಿಗೆ ಇದರ ಫಲಕ ಬರುತ್ತೆ ಅಂತ ನಾನು ಹೇಳೋದಿಲ್ಲ. ಲಕ್ಷಪಟ್ಟು ಒತ್ತಡದಲ್ಲಿ ಹುಟ್ಟೋ ವಸ್ತುವನ್ನ ಚದರ ಮೀಟರ್ ಲೆಕ್ಕದಲ್ಲಿ ಮಾಡೋದು ಸುಲಭದ ಮಾತಲ್ಲ.

ಕಥೆ ಅಲ್ಲಿಗೆ ಮುಗಿಯಲಿಲ್ಲ. 2021ರಲ್ಲಿ ಥಾಮಸ್ ಶೀಲ್, ಸ್ಟ್ರೋಬೆಲ್ ಮತ್ತು ಸಂಗಡಿಗರು ಆ ಖಾಲಿ ಸಿಲಿಕಾನ್ 24ರ ಹರಳನ್ನ ಇನ್ನಷ್ಟು ಬಿಸಿ ಮಾಡಿದರು. ಅದು ಮಾಮೂಲಿ ವಜ್ರದ ವಿನ್ಯಾಸಕ್ಕೆ ಓಡಿಹೋಗದೆ ನಡುದಾರಿಯಲ್ಲಿ ಇನ್ನೊಂದು ರೂಪಕ್ಕೆ ತಿರುಗಿತು, 4ಎಚ್ ಅನ್ನೋ ಷಟ್ಕೋನ ಜಾತಿಯ ಸಿಲಿಕಾನ್. ಅಷ್ಟೇ ಅಲ್ಲ, ಹೊಸ ಹರಳಿನ ದಿಕ್ಕು ಹಳೆಯ ಹರಳಿನ ದಿಕ್ಕಿಗೆ ಹೊಂದಿಕೊಂಡೇ ಇತ್ತು. ಅಂದರೆ ಸೋಡಿಯಂ ಯಾವತ್ತೋ ಬಿಟ್ಟುಹೋದ ಮನೆಯ ಗೋಡೆಗಳ ದಿಕ್ಕಿನಲ್ಲೇ ಮುಂದಿನ ಮನೆ ಎದ್ದಿತು. ನೇರ ದಾರಿಯಲ್ಲಿ ಇಷ್ಟು ದೊಡ್ಡ, ಒಪ್ಪವಾದ ಹರಳಾಗಿ ಸಿಗದ ರೂಪಕ್ಕೆ ಹೀಗೆ ಅತಿಥಿಯ ಮೂಲಕ ಹೋಗೋ ಒಳದಾರಿ ಸಿಕ್ಕಿತು.

ಅದೇ ಪ್ರದೇಶದಲ್ಲಿ ಇನ್ನೆರಡು ಕಡೆ ಬೇಗ ಬೇಗ ಹೋಗಿಬರೋಣ. ಸೌತ್ ಕೆರೊಲಿನಾದ ಕೊಲಂಬಿಯಾದಲ್ಲಿ ಲಿಂಡಾ ಶಿಮಿಜು ಮತ್ತು ಸಂಗಡಿಗರು 2003ರಲ್ಲಿ ಯೂರಿಯಾ ತುಂಡುಗಳಿರೋ ಉಂಗುರದಂಥ ಅಣು ಮಾಡಿದರು. ಬಳೆಗಳನ್ನ ಒಂದರ ಮೇಲೊಂದು ಪೇರಿಸಿದ ಹಾಗೆ ಅವು ಜೋಡಿಸಿಕೊಂಡು ಕೊಳವೆಯಾಗುತ್ತವೆ, ಒಳಗೆ ಅಸೆಟಿಕ್ ಆಮ್ಲ, ಅಂದರೆ ವಿನಿಗರಿನ ಹುಳಿ, ಅತಿಥಿ. ಬಿಸಿ ಮಾಡಿದರೆ ಹುಳಿ ಹೋಗುತ್ತೆ, ಹರಳು ಹರಳಾಗೇ ಉಳಿಯುತ್ತೆ, ಮತ್ತೆ ಹುಳಿ ಕೊಟ್ಟರೆ ಮತ್ತೆ ಒಳಗೆ ತಗೊಳ್ಳುತ್ತೆ. ಅಟ್ಲಾಂಟಾದ ಜಾರ್ಜಿಯಾ ಟೆಕ್‌ನಲ್ಲಿ ಕ್ರಿಸ್ಟಾ ವಾಲ್ಟನ್ ಮುಂತಾದವರು ಲೋಹ ಮತ್ತು ಸಾವಯವ ಅಣುಗಳ ಚೌಕಟ್ಟು ಹರಳುಗಳ ಮೇಲೆ ಕೆಲಸ ಮಾಡಿದ್ದಾರೆ, ಮಾಫ್ ಅಂತ ಕರೀತಾರೆ. ಅವು ಹುಟ್ಟುವಾಗ ಒಳಗೆಲ್ಲ ದ್ರಾವಕ ತುಂಬಿರುತ್ತೆ. ಅದನ್ನ ಆರಿಸುವಾಗಲೇ ಎಷ್ಟೋ ಮಾಫ್‌ಗಳು ಕುಸಿಯೋದು. ಒದ್ದೆ ಕೂದಲು ಒಂದಕ್ಕೊಂದು ಅಂಟಿಕೊಂಡು ಜಡೆಗಟ್ಟುತ್ತಲ್ಲ, ಆರುತ್ತಿರೋ ದ್ರವ ಹಾಗೇ ಗೋಡೆಗಳನ್ನ ಒಳಕ್ಕೆ ಎಳೆಯುತ್ತೆ. ಅದಕ್ಕೆ ಮೊದಲು ಆ ದ್ರಾವಕದ ಜಾಗಕ್ಕೆ ಬೇಗ ಹಾರಿಹೋಗೋ ಇನ್ನೊಂದನ್ನ ತುಂಬಿ, ಆಮೇಲೆ ಮೆಲ್ಲಗೆ ಖಾಲಿ ಮಾಡ್ತಾರೆ.

ಬೆಂಗಳೂರಿನ ಐಐಎಸ್ಸಿಯಲ್ಲಿ ಎಂ. ವಿಜಯನ್ ಅವರ ತಂಡ 1980ರ ದಶಕದಿಂದ ಇದೇ ಪ್ರಶ್ನೆಯನ್ನ ಪ್ರೋಟೀನುಗಳಿಗೆ ಕೇಳಿತು. ಮೊಟ್ಟೆಯ ಬಿಳಿಯಲ್ಲಿ ಲೈಸೋಜೈಮ್ ಅನ್ನೋ ಪ್ರೋಟೀನ್ ಇದೆ. ಪ್ರೋಟೀನ್ ಹರಳುಗಳಲ್ಲಿ ಸಾಮಾನ್ಯವಾಗಿ ಅರ್ಧದ ಆಸುಪಾಸು ನೀರೇ ಇರುತ್ತೆ. ಸುತ್ತಲಿನ ತೇವಾಂಶ 90 ಪ್ರತಿಶತದ ಹತ್ತಿರಕ್ಕೆ ಇಳಿದಾಗ ಒಂದಷ್ಟು ನೀರು ಹೊರಟು, ಹರಳು ಕುಗ್ಗಿ ಇನ್ನೊಂದು ರೂಪಕ್ಕೆ ಬದಲಾಗೋದನ್ನ ಅವರು ಎಕ್ಸ್‌ರೇಯಲ್ಲಿ ಹಿಡಿದರು. ನೀರು ಹೋದಾಗ ಪ್ರೋಟೀನಿನ ಯಾವ ಭಾಗ ಅಲ್ಲಾಡುತ್ತೆ, ಯಾವುದು ಗಟ್ಟಿ ನಿಲ್ಲುತ್ತೆ ಅನ್ನೋದು ಅದರ ಕೆಲಸದ ಗುಟ್ಟು ಹೇಳುತ್ತೆ.

ಕೊನೆಗೆ ಮಾತ್ರೆ. ಔಷಧ ಕಾರ್ಖಾನೆಯಲ್ಲಿ ಹರಳನ್ನ ಒಣಗಿಸೋದು ಅಂದರೆ ಅತಿಥಿಯನ್ನ ಹೊರಗೆ ಕಳಿಸೋದೇ, ನೀರನ್ನೋ, ದ್ರಾವಕವನ್ನೋ. ಅಪಸ್ಮಾರಕ್ಕೆ, ಅಂದರೆ ಫಿಟ್ಸ್‌ಗೆ ಕೊಡುವ ಕಾರ್ಬಮೆಜೆಪಿನ್ ನೋಡಿ. ನೀರು ಸೇರಿದ ಅದರ ಹರಳನ್ನ ಒಣ ನೈಟ್ರೋಜನ್ ಹಾಯಿಸಿ ಬೇಗ ಒಣಗಿಸಿದರೆ ವಿನ್ಯಾಸವೇ ಇಲ್ಲದ ಪುಡಿ ಸಿಗುತ್ತೆ. ಸುತ್ತ ಸ್ವಲ್ಪ ನೀರಾವಿ ಇದ್ದರೆ ಅಚ್ಚುಕಟ್ಟಾದ ಹರಳು ಸಿಗುತ್ತೆ. ಅದೇ ಅಣು, ಅದೇ ಅತಿಥಿ, ಕಳಿಸಿಕೊಟ್ಟ ರೀತಿ ಬೇರೆ. ಒಂದೇ ಔಷಧದ ಬೇರೆ ಬೇರೆ ರೂಪಗಳು ಕರಗುವ ವೇಗವೂ ಬೇರೆ, ಹಾಗಾಗಿ ರಕ್ತಕ್ಕೆ ಸೇರೋ ಪ್ರಮಾಣವೂ ಬೇರೆಯಾಗಬಹುದು. ವಾಷಿಂಗ್ಟನ್ನಿನ ಪಕ್ಕ ಮೇರಿಲ್ಯಾಂಡಿನಲ್ಲಿರೋ ಎಫ್‌ಡಿಎ, ಜೆನೆರಿಕ್ ಔಷಧ ಮಾಡುವವರಿಗೆ 2007ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲಿ ಈ ಹರಳು ರೂಪಗಳ ಲೆಕ್ಕ ಕೇಳೋದು ಅದಕ್ಕೇ. ನೀರು ಸೇರಿದ, ದ್ರಾವಕ ಸೇರಿದ ರೂಪಗಳೂ ಆ ಲೆಕ್ಕದಲ್ಲಿ ಬರುತ್ತವೆ.

ಕಾರ್ಬಮೆಜೆಪಿನ್ ಮಾತ್ರೆಯಲ್ಲಿ ಇರೋದು ನೀರಿಲ್ಲದ ರೂಪ. ಅತಿಥಿ ಇಲ್ಲದ ಈ ಮನೆಗೆ ಅತಿಥಿ ಮರಳಿ ಬಂದರೆ ಏನಾಗುತ್ತೆ? 1990ರಲ್ಲಿ ಎಫ್‌ಡಿಎ ಎಚ್ಚರಿಕೆ ಕೊಟ್ಟಿತು: ತೇವದ ಜಾಗದಲ್ಲಿ ಇಟ್ಟ ಈ ಮಾತ್ರೆಗಳು ಪರಿಣಾಮದಲ್ಲಿ ಮೂರನೇ ಒಂದು ಪಾಲಿನವರೆಗೂ ಕಳೆದುಕೊಳ್ಳಬಹುದು. ತೇವ ಒಳಗೆ ನುಗ್ಗಿ, ನೀರು ಸೇರಿದ ಹರಳು ಬೆಳೆದು, ಮಾತ್ರೆ ಗಟ್ಟಿಯಾಗಿ, ಹೊಟ್ಟೆಯಲ್ಲಿ ಸರಿಯಾಗಿ ಬಿಚ್ಚಿಕೊಳ್ಳೋದಿಲ್ಲ. ಫಿಟ್ಸ್ ತಡೆಯೋ ಔಷಧದಲ್ಲಿ ಮೂರನೇ ಒಂದು ಪಾಲು ಅಂದರೆ ಸಣ್ಣ ವಿಷಯ ಅಲ್ಲ.

ನಮ್ಮಲ್ಲಿ ಊರಿಂದ ಬರುವಾಗ ಆರು ತಿಂಗಳ ಮಾತ್ರೆ ಸೂಟ್‌ಕೇಸಿನಲ್ಲಿ ತರುವವರು ಬಹಳ ಜನ. ತಂದಮೇಲೆ ಸ್ಟ್ರಿಪ್‌ನಿಂದ ಬಿಡಿಸಿ ಒಂದೇ ಡಬ್ಬಿಗೆ ತುಂಬಿ, ಬಾತ್‌ರೂಮಿನ ಕನ್ನಡಿಯ ಹಿಂದಿನ ಕಪಾಟಿನಲ್ಲಿ ಇಡ್ತಾರೆ. ಅಟ್ಲಾಂಟಾದ ಜುಲೈ ತಿಂಗಳು, ಮೇಲಿಂದ ಬಿಸಿನೀರಿನ ಸ್ನಾನದ ಹಬೆ, ಎರಡೂ ಸೇರಿದರೆ ಆ ಕಪಾಟು ಹೇಗಿರುತ್ತೆ ಯೋಚನೆ ಮಾಡಿ. ಮಾತ್ರೆ ಅದರ ಸ್ಟ್ರಿಪ್‌ನಲ್ಲೇ, ಬಾಟಲಿಯಾದರೆ ಅದರದೇ ಮುಚ್ಚಳ ಬಿಗಿದು, ಒಣ ಜಾಗದಲ್ಲಿ ಇರಲಿ. ಬಾಟಲಿಯೊಳಗೆ ಬರುವ ಸಿಲಿಕಾ ಜೆಲ್ ಪೊಟ್ಟಣವನ್ನ ಕಸಕ್ಕೆ ಹಾಕಬೇಡಿ, ಅದೂ ಒಂದು ಆತಿಥೇಯನೇ. ತೇವವನ್ನ ತನ್ನ ಒಳಗೆ ಕೂರಿಸಿಕೊಂಡು ಮಾತ್ರೆಯ ಬಾಗಿಲಿಗೆ ಬರದ ಹಾಗೆ ನೋಡಿಕೊಳ್ಳುತ್ತೆ. ಗಟ್ಟಿಯಾದ, ಬಣ್ಣಗೆಟ್ಟ ಮಾತ್ರೆ ಕಂಡರೆ ನಿಮ್ಮಷ್ಟಕ್ಕೆ ನೀವೇ ಪ್ರಮಾಣ ಹೆಚ್ಚುಕಮ್ಮಿ ಮಾಡಬೇಡಿ, ಫಾರ್ಮಸಿಯವರನ್ನೋ ಡಾಕ್ಟರನ್ನೋ ಕೇಳಿ.